ಕನಿಕರವೊಂದೇ ಸಾಲದು

ಒಬ್ಬರ ತಪ್ಪಿನ ಹೊರೆಯನ್ನು ಇನ್ನೊಬ್ಬರ ಹೆಗಲಿಗೇರಿಸಲು ಇಸ್ಲಾಮಿನಲ್ಲಿ ಅವಕಾಶವಿಲ್ಲ. ಇದು ನಮಗೆಲ್ಲ ತಿಳಿದ ವಿಷಯ. ಆದರೆ ಎಚ್‌ಐವಿ ಸೋಂಕಿರುವ ಮಗು ಎದುರಿಗೆ ಬಂದಾಗ ನಾವು ಇದನ್ನು ಮರೆಯುತ್ತೇವೆ. ತಂದೆ ಎಂಥವನು, ತಾಯಿ ಎಂಥವಳು ಎಂಬ ವಿಚಾರಣೆ ಶುರುವಾಗುತ್ತದೆ. ಗರ್ಭದಲ್ಲೋ ಹೆರಿಗೆಯ ವೇಳೆಯಲ್ಲೋ ಎದೆಹಾಲಿನ ಮೂಲಕವೋ ಬಂದ ರೋಗಾಣುವಿಗೆ ಆ ಮಗು ಹೇಗೆ ಹೊಣೆಯಾದೀತು?

ಹೆತ್ತವರು ತೀರಿಕೊಂಡಾಗ ಇಂತಹ ಮಕ್ಕಳು ಅಜ್ಜಿಯ, ಚಿಕ್ಕಮ್ಮನ ಅಥವಾ ಸೋದರಮಾವನ ಮಡಿಲು ಸೇರುತ್ತಾರೆ. ಸಾಕುವವರಲ್ಲಿ ಕನಿಕರಕ್ಕೆ ಕೊರತೆಯಿಲ್ಲ. ಆದರೆ ಅರಿವಿಲ್ಲದ ಕನಿಕರವು ಮಗುವಿಗೆ ಕೇಡನ್ನೂ ಮಾಡಬಲ್ಲದು. ಪ್ರೀತಿಯಿಂದ ಉಣಿಸುವ ಕೈಯೇ ಭಯದಿಂದ ತಟ್ಟೆಯನ್ನು ಬೇರೆ ಇಡುತ್ತದೆ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಪಕ್ಕದಲ್ಲಿ ಮಲಗಿಸುವುದರಿಂದ ಎಚ್‌ಐವಿ ಹರಡುವುದಿಲ್ಲ. ಇನ್ನು ಕೆಲವರು, ಮಗು ಆರೋಗ್ಯವಾಗಿದೆಯಲ್ಲ, ಇಂದೊಂದು ದಿನ ಮಾತ್ರೆ ಬೇಡ ಎನ್ನುತ್ತಾರೆ. ಹೀಗೆ ಪದೇ ಪದೇ ತಪ್ಪಿದರೆ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ. ಮಗುವಿನ ತೂಕ ಹೆಚ್ಚಿದಂತೆ ಔಷಧಿಯ ಪ್ರಮಾಣವೂ ಬದಲಾಗಬೇಕು. ಇವನ್ನೆಲ್ಲ ಕಲಿಯದೆ ಸಾಕುವುದು ಹೇಗೆ?

ಅನಾಥ ಮಗು ಅಲ್ಲಾಹನು ಒಪ್ಪಿಸಿದ ಅಮಾನತ್ತು. ನಮಾಝ್ ಕಡ್ಡಾಯವಾದವನಿಗೆ ವುಝೂ ಕಲಿಯುವುದೂ ಕಡ್ಡಾಯ. ಹಾಗೆಯೇ, ಅಮಾನತ್ತನ್ನು ಕಾಯುವವನು ಅದನ್ನು ಕಾಯುವ ಬಗೆಯನ್ನೂ ಕಲಿಯಬೇಕು. ಸರಕಾರವು 2004ರಿಂದ ಎಆರ್‌ಟಿ ಕೇಂದ್ರಗಳಲ್ಲಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಅಲ್ಲಿನ ಆಪ್ತಸಮಾಲೋಚಕರೊಡನೆ ಕುಳಿತು ಸಂಶಯಗಳನ್ನು ಕೇಳಲು ನಾಚಿಕೆಪಡಬೇಕಾಗಿಲ್ಲ.

ಎಲ್ಲಕ್ಕಿಂತ ಕಷ್ಟದ ಪಾಠ ಬೇರೊಂದಿದೆ. ಈ ಮಾತ್ರೆ ಯಾಕೆ ಎಂದು ಮಗು ಕೇಳಿದರೆ ಏನು ಹೇಳಬೇಕು? ಸುಳ್ಳು ಹೇಳಿ ಪಾರಾಗುವುದು ಸುಲಭ. ಆದರೆ ಮುಂದೊಂದು ದಿನ ಮಗು ಸತ್ಯವನ್ನು ಬೇರೆಯವರ ಬಾಯಿಂದ ಕೇಳಿದರೆ, ಅದು ಮಾತ್ರೆಯನ್ನೂ ನಂಬದು, ಸಾಕಿದವರನ್ನೂ ನಂಬದು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಹಂತ ಹಂತವಾಗಿ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸಲಹೆ ಮಾಡಿದೆ. ನಿನ್ನ ರಕ್ತದಲ್ಲೊಂದು ರೋಗಾಣು ಮಲಗಿದೆ, ಈ ಮಾತ್ರೆ ಅದನ್ನು ಏಳಗೊಡುವುದಿಲ್ಲ ಎಂದರೆ ಪುಟ್ಟ ಮಗುವಿಗೆ ಅಷ್ಟು ಸಾಕು. ಅದು ಸುಳ್ಳಲ್ಲ. ಹೆಸರನ್ನು ಮುಂದೆ ಹೇಳಬಹುದು.

ಮಗುವಿಗೆ ಹೇಳುವುದು ಬೇರೆ, ಊರಿಗೆ ಹೇಳುವುದು ಬೇರೆ. ಇತರರ ಗುಟ್ಟನ್ನು ಮುಚ್ಚಿಡುವುದು ಸತ್ಯವಿಶ್ವಾಸಿಯ ಗುಣ. 2017ರ ಎಚ್‌ಐವಿ ಕಾಯ್ದೆಯೂ ಸೋಂಕಿನ ವಿಷಯವನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ತಡೆಯುತ್ತದೆ, ಶಾಲೆಯಲ್ಲಿ ಭೇದಭಾವವನ್ನು ನಿಷೇಧಿಸುತ್ತದೆ. ಸೋಂಕಿನಿಂದ ಬಾಧಿತವಾದ ಕುಟುಂಬವನ್ನು ನಡೆಸುತ್ತಿರುವ, ತಕ್ಕ ತಿಳುವಳಿಕೆಯುಳ್ಳ ಹನ್ನೆರಡು ದಾಟಿದ ಅಕ್ಕ ಅಥವಾ ಅಣ್ಣ ತಮ್ಮ ತಂಗಿಯರಿಗೆ ಪೋಷಕರಾಗಬಹುದೆಂದೂ ಅದರಲ್ಲಿದೆ. ಹಿರಿಯರು ಕೈಬಿಟ್ಟ ಹೊರೆಯನ್ನು ಮಕ್ಕಳೇ ಹೊರುತ್ತಿದ್ದಾರೆ ಎಂದಲ್ಲವೇ ಇದರ ಅರ್ಥ?

ಪ್ರವಾದಿವರ್ಯರು(ಸ) ತಾಯಿಯ ಬಳಿಕ ಅಜ್ಜನ, ಅಜ್ಜನ ಬಳಿಕ ದೊಡ್ಡಪ್ಪನ ಆಸರೆಯಲ್ಲಿ ಬೆಳೆದ ಅನಾಥರಾಗಿದ್ದರು. ನಮ್ಮ ಜಮಾಅತ್‌ನಲ್ಲಿ ಇಂತಹ ಮಗುವನ್ನು ಸಾಕುತ್ತಿರುವ ಅಜ್ಜಿಯಿದ್ದು, ಅವಳು ನೆರವು ಬಯಸಿದರೆ, ಅವಳ ಬಸ್ ಖರ್ಚು ಭರಿಸಲು, ಆಸ್ಪತ್ರೆಗೆ ಜೊತೆಗೆ ಹೋಗಲು, ಅವಳು ಕಾಯಿಲೆ ಬಿದ್ದ ದಿನ ಮಾತ್ರೆ ಕೊಡಲು ನಮ್ಮಲ್ಲಿ ಯಾರಿದ್ದಾರೆ? ನಾಳೆ ಈ ಅಮಾನತ್ತಿನ ಲೆಕ್ಕ ಕೇಳುವಾಗ ಆ ಅಜ್ಜಿಯನ್ನು ಮಾತ್ರ ಕೇಳಲಾಗದು.