ಒಡೆದ ಕಟ್ಟೆಯ ಬುಡದಲ್ಲಿ

ಲಾಸ್ ಏಂಜಲೀಸಿನ ಬಳಿಯ ಸ್ಯಾಂಟಾ ಕ್ಲಾರಿಟಾದ ಉತ್ತರಕ್ಕೆ, ಸ್ಯಾನ್ ಫ್ರಾನ್ಸಿಸ್ಕಿಟೊ ಕಣಿವೆಯ ಒಣಹುಲ್ಲಿನ ನಡುವೆ ಬಿದ್ದಿರುವ ಕಾಂಕ್ರೀಟಿನ ತುಂಡುಗಳನ್ನು, ಅವುಗಳ ಚರಿತ್ರೆಯನ್ನರಿಯದವನು ಬೆಟ್ಟದಿಂದುರುಳಿದ ಬಂಡೆಗಳೆಂದೇ ಭಾವಿಸಿಯಾನು. 1928ರ ಮಾರ್ಚ್ 12ರಂದು, ನಡುರಾತ್ರಿಗೆ ಕೆಲವೇ ನಿಮಿಷಗಳಿರುವಾಗ, ಇಲ್ಲಿದ್ದ ಸೇಂಟ್ ಫ್ರಾನ್ಸಿಸ್ ಕಟ್ಟೆ ಒಡೆದು, ನೀರು 54 ಮೈಲಿ ಹರಿದು, ಬೆಳಗಾಗುವುದರೊಳಗೆ ಸಾಗರವನ್ನು ಸೇರಿತು. ಸತ್ತವರು 400ಕ್ಕೂ ಹೆಚ್ಚು. ಅವರಲ್ಲಿ ತೋಟದ ಮೆಕ್ಸಿಕನ್ ಕೂಲಿಗಳೆಷ್ಟೋ, ಖಚಿತವಾಗಿ ಎಣಿಸಿದವರಿಲ್ಲ.

ಕಟ್ಟಿಸಿದವನು ವಿಲಿಯಂ ಮುಲ್ಹಾಲೆಂಡ್. 233 ಮೈಲಿಯ ಕಾಲುವೆಯಿಂದ 1913ರಲ್ಲಿ ಲಾಸ್ ಏಂಜಲೀಸಿಗೆ ನೀರಿಳಿಸಿದ ಆತನನ್ನು ನಮ್ಮವರಾಗಿದ್ದರೆ ಭಗೀರಥನೆನ್ನುತ್ತಿದ್ದರು. ದುರಂತಕ್ಕೆ ಸುಮಾರು 12 ಗಂಟೆಗಳ ಮುನ್ನ, ಕಾವಲುಗಾರನು ಕಂಡ ಹೊಸ ಸೋರಿಕೆಯನ್ನು ತಾನೇ ಬಂದು ಪರೀಕ್ಷಿಸಿ, ಭಯವಿಲ್ಲವೆಂದು ಹೇಳಿ ಮರಳಿದ್ದ. ವಿಚಾರಣೆಯಲ್ಲಿ ಆ 72ರ ವೃದ್ಧನು ತಪ್ಪನ್ನು ಅನ್ಯರ ಮೇಲೆ ಹೊರಿಸದೆ ತಾನೇ ಹೊತ್ತುಕೊಂಡು, ಸತ್ತವರನ್ನು ಕಂಡು ತನಗೆ ಅಸೂಯೆಯಾಗುತ್ತದೆಂದ. ಇಂಥ ಕಟ್ಟೆಯನ್ನು ಒಬ್ಬನೇ ಮನುಷ್ಯನ ವಿವೇಚನೆಗೆ ಬಿಡಬಾರದಾಗಿತ್ತೆಂದು ಪಂಚರು ತೀರ್ಮಾನಿಸಿದರು, ಅದು ನ್ಯಾಯವೇ. ಕಟ್ಟೆಯ ಪೂರ್ವಭಾಗವು ಆತುಕೊಂಡಿದ್ದ ಬೆಟ್ಟವೇ ಪ್ರಾಚೀನ ಭೂಕುಸಿತವೊಂದರ ಅವಶೇಷವೆಂದು ಭೂವಿಜ್ಞಾನಿಗಳು ಸವಿವರವಾಗಿ ನಿರೂಪಿಸಿದ್ದು ದಶಕಗಳ ತರುವಾಯ. ಅಷ್ಟರಲ್ಲಿ ಆತ, 1935ರಲ್ಲಿ, ತೀರಿಹೋಗಿದ್ದ.

ಪತಂಜಲಿಯು ಚಿತ್ತಪ್ರಸಾದನಕ್ಕೆ ಉಪಾಯವಾಗಿ ಸುಖಿಗಳಲ್ಲಿ ಮೈತ್ರಿಯನ್ನೂ ದುಃಖಿಗಳಲ್ಲಿ ಕರುಣೆಯನ್ನೂ ಪುಣ್ಯವಂತರಲ್ಲಿ ಮುದಿತೆಯನ್ನೂ ಅಪುಣ್ಯರಲ್ಲಿ ಉಪೇಕ್ಷೆಯನ್ನೂ ವಿಧಿಸಿದ್ದಾನೆ. ವಿಂಗಡಣೆ ಸೊಗಸಾದದ್ದೇ, ಆದರೆ ದುಃಖಿಯೂ ಅಪುಣ್ಯನೂ ಒಬ್ಬನೇ ಆಗಿದ್ದು, ಅವನ ತಪ್ಪು ಬೀದಿಗೆ ಬಿದ್ದು, ಅಳಲು ಮಾತ್ರ ಒಳಮನೆಯಲ್ಲಿ ಬಾಗಿಲಿಕ್ಕಿಕೊಂಡಿದ್ದರೆ ಅವನನ್ನು ಯಾವ ಪಂಕ್ತಿಯಲ್ಲಿ ಕೂರಿಸುವುದು? ಮುಲ್ಹಾಲೆಂಡನ ಸಂಕಟವನ್ನರಿತೊಡನೆ ಅವನ ದೋಷ ಅಳಿಯಿತೆಂದು, ಆ ಪ್ರವಾಹದಲ್ಲಿ ಮಗುವನ್ನು ಕಳೆದುಕೊಂಡ ತಾಯಿಗೆ ಬೋಧಿಸುವ ಧೈರ್ಯ ನನಗಂತೂ ಇಲ್ಲ. ದೋಷ ಇದ್ದಲ್ಲಿಯೇ ಇರುತ್ತದೆ. ದೂರದಲ್ಲಿ ನಿಂತು ಬೈಯುವವರಿಗೆ ಆ ಬೈಗುಳದಲ್ಲಿದ್ದ ಸವಿ ಮಾತ್ರ ಕೆಡುತ್ತದೆ. ಅದೂ ಅಲ್ಪಲಾಭವೇನಲ್ಲ.

ಇಷ್ಟನ್ನು ನಿಶ್ಚಯಿಸಿಕೊಂಡು ನೆಮ್ಮದಿಯಾಗಿದ್ದ ನನ್ನ ಆ ನೆಮ್ಮದಿಯನ್ನು ಯುಗಾದಿಯ ಊಟವೊಂದು ಕೆಡಿಸಿತು. ಇಲ್ಲಿನ ಕನ್ನಡಿಗರೊಬ್ಬರು, ಮಾತನಾಡಿಸಿದರೂ ಮುಖ ತಿರುವಿಕೊಂಡು ಹೋಗುತ್ತಿದ್ದವರು, ಮಹಾಗರ್ವಿಯೆಂದು ನನ್ನಿಂದ ತೀರ್ಪು ಪಡೆದಿದ್ದರು. ಊರಿನಲ್ಲಿ ತಾಯಿ ತೀರಿಕೊಂಡಾಗ ವೀಸಾದ ತೊಡಕಿನಿಂದ ಹೋಗಲಾಗದೆ, ಅಂತ್ಯಕ್ರಿಯೆಯನ್ನು ಫೋನಿನ ಪರದೆಯ ಮೇಲೆ ನೋಡಿದವರೆಂದು ಅಂದು ಬೆಳಿಗ್ಗೆಯಷ್ಟೇ ತಿಳಿದಿತ್ತು. ಹೋಳಿಗೆ ಬಡಿಸುತ್ತ ಪಂಕ್ತಿಯಲ್ಲಿ ಅವರೆದುರು ಬಂದಾಗ ನನ್ನ ದನಿ ತಾನಾಗಿಯೇ ಮೆತ್ತಗಾಯಿತು. ಬೇಡವೆಂದರೂ ಬಾಗಿ, "ಇನ್ನೊಂದು ಹಾಕಿಸಿಕೊಳ್ಳಿ" ಎಂದು ಉಪಚರಿಸಿದೆ. ಅವರು ತಲೆಯೆತ್ತಿ ನನ್ನ ಮುಖವನ್ನೇ ಕ್ಷಣಕಾಲ ನೋಡಿದರು.

"ನಿಮಗೂ ಯಾರೋ ಹೇಳಿದಾರೆ ಅಂತ ಕಾಣುತ್ತೆ."

ಯಾರೂ ಹೇಳದಿದ್ದರೆ ಈ ಮೆತ್ತನೆಯ ದನಿ ಅವರ ಪಾಲಿಗೆ ಬರುತ್ತಿರಲಿಲ್ಲವೆಂಬುದು ನನಗೆಷ್ಟು ಗೊತ್ತಿತ್ತೋ ಅವರಿಗೂ ಅಷ್ಟೇ ಗೊತ್ತಿತ್ತು. ಬೇಕಾದಷ್ಟು ಅಪರಿಚಿತರಿಂದ ಅವರು ಇಂಥ ಉಪಚಾರವನ್ನು ಕಂಡಿದ್ದಿರಬೇಕು. ಅದನ್ನು ಪಡೆಯಲು ಪ್ರತಿಸಲವೂ ತಾಯಿಯ ಸಾವನ್ನೇ ತೆರಬೇಕಾಗಿತ್ತೇನೋ. ಎಲೆಯನ್ನು ಅರ್ಧಕ್ಕೇ ಮಡಿಚಿ ಎದ್ದರು. ಅವರಿಗೆಂದು ತೆಗೆದಿದ್ದ ಹೋಳಿಗೆಯನ್ನು ಪಕ್ಕದವರ ಎಲೆಗೆ ಬಡಿಸಿ ಮುಂದೆ ಹೋದೆ.