ಮಗುವನ್ನು ಕಾಯುವುದೂ ಕಾಯಕವೇ



ನಾಟ್ರಾಂಪಾಳ್ಯ, ಅಂಚೆಟ್ಟಿ ಕಡೆಯ ಗುಡ್ಡದ ಊರುಗಳಲ್ಲಿ ಹೆಣ್ಣುಮಗಳು ಎಂಟನೆಯ ತರಗತಿ ದಾಟುವಷ್ಟರಲ್ಲಿ ಮದುವೆಯ ಮಾತು ಏಳುವುದುಂಟು. ತಂದೆತಾಯಿಗಳು ಹೇಳುವ ಕಾರಣಗಳು ಸುಳ್ಳಲ್ಲ. ಶಾಲೆ ದೂರ, ದಾರಿ ಕಾಡಿನದು, ಆನೆಯ ಭಯ. ಕೂಲಿಗೆಂದು ಬೆಂಗಳೂರಿಗೆ ಹೋದರೆ ಮಗಳು ಮನೆಯಲ್ಲಿ ಒಬ್ಬಳೇ. ‘ಒಬ್ಬನ ಕೈಗೆ ಒಪ್ಪಿಸಿದರೆ ಹೊರೆ ಇಳಿಯಿತು’ ಎನ್ನುತ್ತಾರೆ. ಇಳಿದ ಹೊರೆ ಹೋಗುವುದೆಲ್ಲಿಗೆ? ಹದಿನಾಲ್ಕರ ಆ ಕೂಸಿನ ಹೆಗಲಿಗೇ. ಬಲಿಯದ ಮೈಯಲ್ಲಿ ಹೆರಿಗೆಯಾದರೆ ತಾಯಿ, ಶಿಶು ಇಬ್ಬರ ಪ್ರಾಣಕ್ಕೂ ಅಪಾಯ. ಹಾಲುಗಾಳಿನ ರಾಗಿಯ ಹೊಲಕ್ಕೆ ಯಾವ ರೈತ ಕುಡುಗೋಲು ಹಾಕುತ್ತಾನೆ?

ಸುಳಿವು ಸಿಕ್ಕಾಗ ಮಕ್ಕಳ ರಕ್ಷಣಾ ಘಟಕದ ಕಾರ್ಯಕರ್ತರು, ಸಮಾಜ ಕಲ್ಯಾಣ ಅಧಿಕಾರಿಗಳು ಮನೆಗೆ ಬರುತ್ತಾರೆ. ಶಾಲೆಯ ದಾಖಲೆಯಲ್ಲಿ ವಯಸ್ಸು ನೋಡುತ್ತಾರೆ. ಮಗಳನ್ನು ಬೇರೆಯಾಗಿ ಕೂಡಿಸಿಕೊಂಡು ಅವಳ ಮನಸ್ಸು ಕೇಳುತ್ತಾರೆ. ಹಿರಿಯರಿಂದ ಮುಚ್ಚಳಿಕೆ ಬರೆಸುತ್ತಾರೆ. ಅಪಾಯ ಕಂಡರೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯುತ್ತಾರೆ. ಊರು ಅವರನ್ನು ‘ಮರ್ಯಾದೆ ತೆಗೆದರು’ ಎಂದು ಬೈಯುತ್ತದೆ. ಬೈಗುಳ ಕೇಳಿಯೂ ಮತ್ತೆ ಅದೇ ಬಾಗಿಲಿಗೆ ಬಂದು, ‘ಮಗು ಶಾಲೆಗೆ ಹೋಗುತ್ತಿದೆಯೇ’ ಎಂದು ವಿಚಾರಿಸುವುದು ಕಾಯಕವಲ್ಲದೆ ಮತ್ತೇನು? ಅವರು ಮನೆಯ ಶತ್ರುಗಳಲ್ಲ. ನಾವು ಕಾಯಬೇಕಾದ ಕೂಸನ್ನು ನಮ್ಮ ಪರವಾಗಿ ಕಾಯುತ್ತಿರುವವರು. ಅವರಿಗೆ ಬಾಗಿಲು ತೆರೆಯಿರಿ, ನೀರು ಕೊಡಿ, ನಿಜ ಹೇಳಿರಿ.

ಬಸವಾದಿ ಶರಣರ ಧರ್ಮದಲ್ಲಿ ಹೆಣ್ಣಿಗೊಂದು ಲಿಂಗ, ಗಂಡಿಗೊಂದು ಲಿಂಗ ಎಂಬ ಭೇದವಿಲ್ಲ. ಲಿಂಗಧಾರಣೆಯಾದ ಹೆಣ್ಣುಮಗುವನ್ನು ಹೊರೆ ಎನ್ನುವ ನಾಲಿಗೆ ಆ ಲಿಂಗವನ್ನೂ ಹೊರೆ ಎಂದಂತೆ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ಮದುವೆ ನಡೆಸಿಕೊಟ್ಟವರಿಗೂ, ತಿಳಿದೂ ತಡೆಯದ ಪೋಷಕರಿಗೂ, ಅದರಲ್ಲಿ ಪಾಲುಗೊಂಡವರಿಗೂ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಡೆಯದ ಪೋಷಕರಲ್ಲಿ, ಪಾಲುಗೊಂಡವರಲ್ಲಿ ಹೆಂಗಸರಿಗೆ ಸೆರೆಯಿಲ್ಲ. ಕಾನೂನಿನ ಭಯಕ್ಕಿಂತ ಮೊದಲು ಧರ್ಮದ ಭಯವಿರಲಿ. ಇಂತಹ ಮದುವೆಗೆ ಅಯ್ಯನವರು ಕೂರಬಾರದು, ಭಕ್ತರು ಉಣ್ಣಬಾರದು.

ಬೇಡವೆಂದಷ್ಟಕ್ಕೇ ಕರ್ತವ್ಯ ಮುಗಿಯಲಿಲ್ಲ. ಕಾಡುದಾರಿಯ ಭಯವಿದ್ದರೆ ನಾಲ್ಕು ಮನೆಯವರು ಸೇರಿ, ದಿನಕ್ಕೊಬ್ಬರಂತೆ ಹೆಣ್ಣುಮಕ್ಕಳನ್ನು ಬಸ್ಸಿನವರೆಗೆ ಬಿಟ್ಟು ಬನ್ನಿ, ಅದೂ ದಾಸೋಹವೇ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಕೊಡುವ ಪುದುಮೈ ಪೆಣ್ ಯೋಜನೆಯನ್ನು ತಮಿಳುನಾಡು ಸರ್ಕಾರ 2022ರಲ್ಲಿ ಆರಂಭಿಸಿತು. ಶಾಲೆಯಲ್ಲಿ ಕೇಳಿ ತಿಳಿಯಿರಿ. ವರ್ತಕರು ಅಂಗಡಿಯ ಗೋಡೆಯ ಮೇಲೆ 1098 ಎಂದು ದೊಡ್ಡದಾಗಿ ಬರೆಸಿರಿ. ಹಗಲಿರುಳು ನಡೆಯುವ ಮಕ್ಕಳ ಸಹಾಯವಾಣಿಯದು. ಕರೆಗೆ ಕಾಸಿಲ್ಲ, ಕರೆದವರ ಹೆಸರನ್ನು ಗುಟ್ಟಾಗಿಡುತ್ತಾರೆ.

ನೆರೆಮನೆಯ ಕೂಸೂ ನಮ್ಮ ಕೂಸೇ. ಸರ್ವರಿಗೂ ಮಂಗಳವಾಗಲಿ.