ಬಿಸಿ ಕೋಳಿ, ಹಳೆಯ ದ್ರಾಕ್ಷಾರಸ

ಅಮೆರಿಕದ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಒಂದು ಮೂಲೆ ಸುಟ್ಟ ಕೋಳಿಗೆ ಮೀಸಲು. ಕಂಬಿಗೆ ಸಿಕ್ಕಿಸಿದ ಇಡೀ ಕೋಳಿಗಳು ಗಾಜಿನ ಹಿಂದೆ ಸುತ್ತುತ್ತಾ ಬೇಯುತ್ತಿರುತ್ತವೆ. ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟವರು ಒಂದನ್ನು ಕಟ್ಟಿಸಿಕೊಂಡರೆ ರಾತ್ರಿಯ ಅಡುಗೆಯ ಚಿಂತೆ ತೀರಿತು. ಆದರೆ ಸರ್ಕಾರದ ಆಹಾರ ನೆರವಿನ ಕಾರ್ಡ್ ಹಿಡಿದು ಬಂದವರಿಗೆ ಆ ಕೋಳಿ ಸಿಗುವುದಿಲ್ಲ. ಅದೇ ಕೋಳಿ ಮಾರಾಟವಾಗದೆ ಉಳಿದು, ತಣ್ಣಗಾಗಿ, ಮರುದಿನ ಫ್ರಿಜ್ಜಿನ ಕಪಾಟು ಸೇರಿದರೆ ಧಾರಾಳವಾಗಿ ಕೊಳ್ಳಬಹುದು. ಮನೆಗೆ ಒಯ್ದು ಬಿಸಿ ಮಾಡಿಕೊಂಡರೆ ಯಾರ ತಕರಾರೂ ಇಲ್ಲ.

ಸ್ನ್ಯಾಪ್ ಎಂಬ ಈ ಯೋಜನೆಗೆ 2008ರವರೆಗೆ ಫುಡ್ ಸ್ಟ್ಯಾಂಪ್ ಎಂದೇ ಹೆಸರಿತ್ತು. ಜನರ ಬಾಯಲ್ಲಿ ಈಗಲೂ ಅದೇ ಇದೆ. 2024ರ ಹಣಕಾಸು ವರ್ಷದಲ್ಲಿ ತಿಂಗಳಿಗೆ ಸರಾಸರಿ 4 ಕೋಟಿ 17 ಲಕ್ಷ ಜನ ಇದರ ನೆರವು ಪಡೆದರು, ಅಂದರೆ ಆ ಸಿರಿವಂತ ದೇಶದ ಎಂಟು ಮಂದಿಯಲ್ಲಿ ಒಬ್ಬರು. ತಲೆಗೆ ಸಿಕ್ಕಿದ್ದು ತಿಂಗಳಿಗೆ ಸುಮಾರು 187 ಡಾಲರ್, ದಿನಕ್ಕೆ ಆರು ಡಾಲರಿನಷ್ಟು.

ಅದರಲ್ಲಿ ಏನು ಕೊಳ್ಳಬಹುದು, ಏನು ಕೂಡದು ಎಂಬ ಪಟ್ಟಿ ಒಂದು ಸ್ವಾರಸ್ಯದ ಓದು. ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ ಅಕ್ಕಿ, ಬೇಳೆ, ಹಾಲು, ಮಾಂಸ, ಚಿಪ್ಸ್, ಐಸ್‌ಕ್ರೀಮ್ ಎಲ್ಲವೂ ಸಲ್ಲುತ್ತವೆ. ಮದ್ಯ, ಸಿಗರೇಟು, ವಿಟಮಿನ್ ಮಾತ್ರೆ, ಸೋಪು, ಮಗುವಿನ ಡಯಾಪರ್ ಸಲ್ಲುವುದಿಲ್ಲ. ಹಿತ್ತಲಲ್ಲಿ ಬೆಳೆದು ತಿನ್ನುವುದಾದರೆ ತರಕಾರಿ ಬೀಜವನ್ನೂ ಸಸಿಯನ್ನೂ ತರಬಹುದು. ಅಲಾಸ್ಕದ ದೂರದ ಕೆಲವು ಊರುಗಳಲ್ಲಿ ಮೀನಿನ ಬಲೆ, ಗಾಳಗಳಿಗೂ ಅವಕಾಶವಿದೆ, ಬಂದೂಕಿಗೆ ಇಲ್ಲ. ಹುಟ್ಟುಹಬ್ಬದ ಕೇಕಿನ ಮೇಲೆ ತಿನ್ನಲಾಗದ ಅಲಂಕಾರವಿದ್ದರೆ ಅದರ ಬೆಲೆ ಒಟ್ಟು ಬೆಲೆಯ ಅರ್ಧ ದಾಟಬಾರದು! ಶುಕ್ರವಾರ ಸಂಜೆಯ ಸಬ್ಬತ್ ಪ್ರಾರ್ಥನೆಗೆ ಯಹೂದಿ ಮನೆಯವರು ದ್ರಾಕ್ಷಿ ರಸ ತರಬಹುದು, ವೈನ್ ತರುವಂತಿಲ್ಲ. ಎಚ್1ಬಿ ವೀಸಾದ ಮೇಲೆ ಹೋದ ಕನ್ನಡಿಗರಿಗೆ ಈ ನೆರವಿನ ಹಕ್ಕೇ ಇಲ್ಲ. ಗ್ರೀನ್ ಕಾರ್ಡ್ ಪಡೆದವರೂ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಆಮೇಲೆ ಬಡತನ ಎದುರಾಗಿ ಕಾರ್ಡ್ ಸಿಕ್ಕಿತೆನ್ನಿ, ಗಣೇಶನ ಹಬ್ಬಕ್ಕೆ ತೆಂಗಿನಕಾಯಿ, ಬೆಲ್ಲ ಮನೆಗೆ ಬರುತ್ತವೆ. ಕರ್ಪೂರಕ್ಕೆ ಕೈಯಿಂದ ಕಾಸು ಬಿಚ್ಚಬೇಕು.

ಮೇಲ್ನೋಟಕ್ಕೆ ಇದೆಲ್ಲ ಗುಮಾಸ್ತರ ಕಿರಿಕಿರಿ. ಅದರ ಕೆಳಗಿರುವುದು ಮಾತ್ರ ಧರ್ಮಜಿಜ್ಞಾಸೆಯ ಹಳೆಯ ಪ್ರಶ್ನೆ: ಕೊಟ್ಟ ಮೇಲೆ ಕೊಟ್ಟದ್ದು ಯಾರದ್ದು?

ನಮ್ಮ ಧರ್ಮಶಾಸ್ತ್ರದ ನಿಬಂಧಕಾರರು ಇದಕ್ಕೆ ಖಚಿತವಾದ ಉತ್ತರ ಇಟ್ಟುಕೊಂಡಿದ್ದರು. ಕೊಡುವವನ ಒಡೆತನ ಅಳಿದು ಪಡೆಯುವವನ ಒಡೆತನ ಹುಟ್ಟಿದರೆ ಮಾತ್ರ ಅದು ದಾನ. ಇಸ್ಲಾಮಿನ ಹನಫಿ ನ್ಯಾಯಪಂಥ ಕಡ್ಡಾಯ ದಾನವಾದ ಝಕಾತ್ ವಿಚಾರದಲ್ಲಿ ಇನ್ನೂ ಬಿಗಿ. ಬಡವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಉಣಬಡಿಸಿದ ಮಾತ್ರಕ್ಕೆ ಅಲ್ಲಿ ಝಕಾತ್ ಸಂದಂತಾಗುವುದಿಲ್ಲ. ವಸ್ತು ಅವನ ಸ್ವತ್ತಾಗಿ ಅವನ ಕೈ ಸೇರಬೇಕು; ಅವನು ಅದನ್ನು ಉಣ್ಣಲಿ, ಮಾರಲಿ, ಇನ್ನೊಬ್ಬರಿಗೆ ಕೊಡಲಿ, ಕೇಳುವ ಹಕ್ಕು ಕೊಟ್ಟವನಿಗಿಲ್ಲ. ಈ ಅಳತೆಯಲ್ಲಿ ಅಮೆರಿಕದ ಕಾರ್ಡ್ ದಾನವೇ ಅಲ್ಲ. ಹಣ ಕೈ ದಾಟಿದರೂ ಅದರ ಹಿಂದೆ ಕೊಟ್ಟವನ ಕಣ್ಣು ಅಂಗಡಿಯ ಕೌಂಟರ್‌ವರೆಗೂ ಬರುತ್ತದೆ.

ಆ ಕಣ್ಣು ಮೊದಲಿನಿಂದಲೂ ಬಡವನ ಮೇಲಷ್ಟೇ ಇರಲಿಲ್ಲ, ತನ್ನ ಕಣಜದ ಮೇಲೂ ಇತ್ತು. 1939ರ ಮೇ 16ರಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಯೋಜನೆ ಶುರುವಾದಾಗ ಚೀಟಿಗಳು ಎರಡು ಬಣ್ಣದಲ್ಲಿದ್ದವು. ಒಂದು ಡಾಲರ್ ಕೊಟ್ಟು ಕಿತ್ತಳೆ ಚೀಟಿ ಕೊಂಡವರಿಗೆ ಅರ್ಧ ಡಾಲರಿನ ನೀಲಿ ಚೀಟಿ ಪುಕ್ಕಟೆ. ಕಿತ್ತಳೆ ಚೀಟಿಗೆ ಯಾವ ತಿನಿಸಾದರೂ ಸರಿ. ನೀಲಿಯದಕ್ಕೆ ಮಾತ್ರ ಬೆಣ್ಣೆ, ಮೊಟ್ಟೆಯಂಥವು, ಅಂದರೆ ಬೆಳೆದವರ ಬಳಿ ಮಿಕ್ಕಿ ಉಳಿದಿದೆಯೆಂದು ಕೃಷಿ ಇಲಾಖೆ ಸಾರಿದ ಪದಾರ್ಥಗಳು. ಕಠೋಪನಿಷತ್ತಿನ ಕಥೆ ಬಲ್ಲವರಿಗೆ ಇಲ್ಲಿ ನಚಿಕೇತ ನೆನಪಾದರೆ ಅಚ್ಚರಿಯಿಲ್ಲ. ಹಾಲು ಬತ್ತಿದ ಮುದಿ ಹಸುಗಳನ್ನು ಅಪ್ಪ ದಾನಕ್ಕೆ ಹೊರಡಿಸಿದ್ದನ್ನು ಕಂಡು ಕಸಿವಿಸಿಗೊಂಡ ಹುಡುಗ ಅವನು. ರಾಚೆಸ್ಟರ್‌ನ ಮೊಟ್ಟೆಗಳು ಚೆನ್ನಾಗಿಯೇ ಇದ್ದವು, ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೂ ಏನು ಕೊಡಬೇಕು ಎಂಬುದನ್ನು ಪಡೆಯುವವನ ಹಸಿವಿಗಿಂತ ಕೊಡುವವನ ಉಗ್ರಾಣ ತೀರ್ಮಾನಿಸಿತ್ತು.

1964ರಲ್ಲಿ ಶಾಶ್ವತ ಕಾನೂನು ಬರುವ ಹೊತ್ತಿಗೆ ಕೆಳಮನೆಯ ಮಸೂದೆಯಲ್ಲಿ ಸೋಡಾದಂಥ ತಂಪು ಪಾನೀಯ, 'ಐಷಾರಾಮಿ' ತಿನಿಸುಗಳಿಗೆ ತಡೆಯಿತ್ತು. ಕೊನೆಯ ಕಾನೂನಿನಲ್ಲಿ ಅದು ಉಳಿಯಲಿಲ್ಲ. ಮದ್ಯ, ತಂಬಾಕಿನ ಜೊತೆ ಹೊರಗೆ ನಿಂತದ್ದು ವಿದೇಶದಿಂದ ಆಮದಾದ ಆಹಾರ. ಅದು ಆರೋಗ್ಯದ ಕಾಳಜಿಯಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಬಡವನ ತಟ್ಟೆಯಲ್ಲಿ ಐಷಾರಾಮ ಇರಬಹುದೇ ಎಂಬ ಚರ್ಚೆ ಯಹೂದಿಗಳ ತಾಲ್ಮುದ್‌ನಲ್ಲಿ ನಡೆದಷ್ಟು ಮುಕ್ತವಾಗಿ ಇನ್ನೆಲ್ಲಿಯಾದರೂ ನಡೆದಿದೆಯೋ ಇಲ್ಲವೋ. ಕೆತುಬೋತ್ ಎಂಬ ಅದರ ಭಾಗದಲ್ಲಿ ಒಬ್ಬ ಬಡವ ಬ್ಯಾಬಿಲೋನಿನ ಪಂಡಿತ ರಾವಾನ ಬಳಿಗೆ ಬರುತ್ತಾನೆ. ದಿನವೂ ಏನು ಉಣ್ಣುತ್ತೀ ಎಂದು ರಾವಾ ಕೇಳಿದರೆ, ಕೊಬ್ಬಿದ ಕೋಳಿ ಮತ್ತು ಹಳೆಯ ದ್ರಾಕ್ಷಾರಸ ಎನ್ನುತ್ತಾನೆ. ಊರಿನ ಮೇಲೆ ಇಷ್ಟು ಭಾರ ಹಾಕುವುದೇ ಎಂದು ರಾವಾ ಆಕ್ಷೇಪಿಸುತ್ತಾನೆ. ನಾನು ಉಣ್ಣುವುದು ಊರಿನವರದ್ದಲ್ಲ, ದೇವರದ್ದು ಎಂದು ಬಡವ ವಾದಿಸುತ್ತಾನೆ. ಮಾತು ನಡೆದಿರುವಾಗಲೇ ಹದಿಮೂರು ವರ್ಷದಿಂದ ಮುಖ ತೋರಿಸದ ರಾವಾನ ಸೋದರಿ ಬಾಗಿಲಿಗೆ ಬರುತ್ತಾಳೆ. ಅವಳ ಕೈಯಲ್ಲಿ ಕೊಬ್ಬಿದ ಕೋಳಿ, ಹಳೆಯ ದ್ರಾಕ್ಷಾರಸ. ರಾವಾ ತಪ್ಪೊಪ್ಪಿಕೊಂಡು ಅವನನ್ನು ಊಟಕ್ಕೆ ಎಬ್ಬಿಸುತ್ತಾನೆ.

ಅದೇ ಪುಟದಲ್ಲಿ ಇನ್ನೊಂದು ಕಥೆಯಿದೆ, ಇಷ್ಟು ಹಿತವಾದದ್ದಲ್ಲ. ಇಂಥದೇ ಮಾಂಸ, ಮದ್ಯದ ರೂಢಿಯವನೊಬ್ಬ ರಬ್ಬಿ ನೆಹೆಮ್ಯಾನ ಬಳಿ ನೆರವು ಬೇಡುತ್ತಾನೆ. ನನ್ನ ಜೊತೆ ಬೇಳೆ ತಿಂದುಕೊಂಡು ಇರುತ್ತೀಯಾ ಎಂದು ನೆಹೆಮ್ಯಾ ಕೇಳುತ್ತಾನೆ. ಅವನು ಒಪ್ಪಿ ಬೇಳೆ ತಿನ್ನುತ್ತಾನೆ, ಸಾಯುತ್ತಾನೆ. ಈ ಸಾವಿಗೆ ಮರುಗಬೇಕಾದದ್ದು ಯಾರ ಬಗ್ಗೆ ಎಂದು ಪಂಡಿತರು ತರ್ಕಿಸುತ್ತಾರೆ. ಕೊಂದ ನೆಹೆಮ್ಯಾನ ಬಗ್ಗೆಯೇ ಅಲ್ಲವೇ? ಇಲ್ಲ, ನಾಲಿಗೆಯನ್ನು ಅಷ್ಟು ಮುದ್ದು ಮಾಡಿಕೊಂಡದ್ದು ಆ ಮನುಷ್ಯನ ತಪ್ಪು ಎಂದು ಗ್ರಂಥ ಒಂದು ಮಾತು ಸೇರಿಸುತ್ತದೆ. ಎರಡು ಕಥೆಯನ್ನೂ ಅಕ್ಕಪಕ್ಕ ಇಟ್ಟವರ ಧೈರ್ಯ ದೊಡ್ಡದು.

ಅಮೆರಿಕದ ಈಗಿನ ಗಾಳಿ ನೆಹೆಮ್ಯಾನ ಕಡೆ ಬೀಸುತ್ತಿದೆ. ಸಿಹಿತಿಂಡಿ, ಸೋಡಾಗಳನ್ನು ಪಟ್ಟಿಯಿಂದ ತೆಗೆಯಲು 2004ರಲ್ಲಿ ಮಿನ್ನೆಸೋಟ ರಾಜ್ಯ ಅನುಮತಿ ಕೇಳಿದಾಗ ಯೋಜನೆ ನಡೆಸುವ ಕೃಷಿ ಇಲಾಖೆ ಒಪ್ಪಿರಲಿಲ್ಲ. ಸಕ್ಕರೆ ಪಾನೀಯಗಳ ಬಗ್ಗೆ ನ್ಯೂಯಾರ್ಕ್ ನಗರದ ಮನವಿಯನ್ನೂ 2011ರಲ್ಲಿ ತಳ್ಳಿಹಾಕಿತು. 2025ರ ಮೇಯಲ್ಲಿ ಅದೇ ಇಲಾಖೆ ನೆಬ್ರಾಸ್ಕಕ್ಕೆ ಹಸಿರು ನಿಶಾನೆ ತೋರಿಸಿತು. ಬೇರೆ ರಾಜ್ಯಗಳು ಸಾಲುಗಟ್ಟಿದವು. ಅಯೋವಾ ತನ್ನ ಮಾರಾಟ ತೆರಿಗೆಯ ವ್ಯಾಖ್ಯೆಗಳನ್ನೇ ಅಳತೆಗೋಲು ಮಾಡಿಕೊಂಡಿತು. ಆ ತೆರಿಗೆ ಕಾನೂನಿನಲ್ಲಿ ಹಿಟ್ಟು ಬೆರೆತದ್ದು ಕ್ಯಾಂಡಿಯಲ್ಲ. ಆದ್ದರಿಂದ ಒಳಗೆ ಬಿಸ್ಕತ್ತಿನ ಪದರವಿರುವ ಚಾಕೊಲೇಟ್ ಪಾರಾಯಿತು, ಬರೀ ಕಡಲೆಕಾಯಿ ಬೀಜವಿರುವ ಚಾಕೊಲೇಟ್ ಸಿಕ್ಕಿಬಿತ್ತು. ಮಧುಮೇಹಕ್ಕೆ ಈ ಭೇದ ಗೊತ್ತಾಗುವುದು ಕಷ್ಟ.

ಸಕ್ಕರೆಯ ಹಾನಿ ಸುಳ್ಳಲ್ಲ, ಅದರ ಚಿಕಿತ್ಸೆಯ ಖರ್ಚೂ ಕೊನೆಗೆ ಸರ್ಕಾರದ ತಲೆಗೇ ಬರುತ್ತದೆ ಎಂಬ ವಾದವೂ ಪೊಳ್ಳಲ್ಲ. ಆದರೆ ಬಡವರಷ್ಟೇ ಸಕ್ಕರೆಗೆ ಸೋತವರೇ? ಒಂದು ದೊಡ್ಡ ಅಂಗಡಿ ಸರಣಿಯ 2011ರ ಬಿಲ್ಲುಗಳನ್ನು ನೋಡಿ ಕೃಷಿ ಇಲಾಖೆಯೇ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸ್ನ್ಯಾಪ್ ಕುಟುಂಬಗಳ ದಿನಸಿ ಖರ್ಚಿನಲ್ಲಿ ತಂಪು ಪಾನೀಯದ ಪಾಲು ಶೇ 5.4, ಉಳಿದವರದ್ದು ಶೇ 4. ವ್ಯತ್ಯಾಸ ಇದೆ, ಇಬ್ಬರನ್ನೂ ಬೇರೆ ಬೇರೆ ಜಾತಿಯ ಮನುಷ್ಯರನ್ನಾಗಿ ಮಾಡುವಷ್ಟಿಲ್ಲ. ವೈದ್ಯ ಪಥ್ಯ ಹೇಳುವುದು ನಾಡಿ ಹಿಡಿದ ಮೇಲೆ. ಇಲ್ಲಿ ಪಥ್ಯಕ್ಕೆ ಗುರುತು ಸಿಕ್ಕಿರುವುದು ರೋಗದಿಂದಲ್ಲ, ವರಮಾನದಿಂದ.

ಕೊಡುವವರ ನಂಬಿಕೆ ಉಣ್ಣುವವರ ತಟ್ಟೆಗಿಳಿದ ಉದಾಹರಣೆಗೆ ಕರ್ನಾಟಕದವರು ಅಷ್ಟು ದೂರ ಹೋಗಬೇಕಿಲ್ಲ. ಸರ್ಕಾರಿ ಶಾಲೆಗಳಿಗೆ ಬಿಸಿಯೂಟ ಒದಗಿಸುವ ಅಕ್ಷಯ ಪಾತ್ರ ಸಂಸ್ಥೆಯ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದಿರುವುದು ವರ್ಷಗಟ್ಟಲೆ ಚರ್ಚೆಯಾಯಿತು. ಸ್ವಂತ ಹಣದಲ್ಲಿ ಅನ್ನದಾಸೋಹ ನಡೆಸುವ ಮಠ ತನ್ನ ಪಾಕಶಾಲೆಯಲ್ಲಿ ಏನು ಬೇಯಿಸಬೇಕೆಂದು ಕೇಳುವುದು ಅತಿಥಿಗೆ ಶೋಭಿಸದು. ಸರ್ಕಾರದ ಅಕ್ಕಿ, ಸರ್ಕಾರದ ಅನುದಾನ ಬಂದು ಸೇರಿದ ಕೂಡಲೇ ಆ ಸಂಕೋಚಕ್ಕೆ ಕಾರಣವಿಲ್ಲ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೇ ಬೇಕೆಂದು ಮಕ್ಕಳು ದನಿ ಎತ್ತಿದರು. ಸರ್ಕಾರ ಮೊಟ್ಟೆಯನ್ನು ಕೈಬಿಡಲಿಲ್ಲ, ಎಲ್ಲರ ಬಾಯಿಗೂ ತುರುಕಲಿಲ್ಲ. ಬೇಡವೆಂದವರಿಗೆ ಬಾಳೆಹಣ್ಣು, ಮುಂದೆ ಕೆಲಕಾಲ ಚಿಕ್ಕಿಯೂ ಬಂತು. ಯಾವುದು ಬೇಕೆಂದು ಮಕ್ಕಳನ್ನೇ ಕೇಳಿ, ಶಾಲೆಯಲ್ಲಿ ಲೆಕ್ಕ ಬರೆದಿಟ್ಟುಕೊಂಡು, ಅದರಂತೆ ತರಿಸುತ್ತಾರೆ.